ಬಾಚಣಿಗೆ ಅಮ್ಮನ ಕೊನೆಯ ಡ್ಯೂಟಿ

"ಅಣ್ಣಾ, ಗಾಡಿ ತಿರುಗ್ಸಿ! ಆ ಬಸ್ಸಿಗೆ ಅಡ್ಡ ಹಾಕಿ!"

ಮಗಳು ಕೂಗಿದ ರಭಸಕ್ಕೆ ಶವದ ಗಾಡಿಯ ಡ್ರೈವರ್ ಗಕ್ಕನೆ ಬ್ರೇಕ್ ಒತ್ತಿದ. ಹಿಂದೆ ಅಮ್ಮನ ದೇಹದ ಪಕ್ಕ ಕೂತಿದ್ದ ಸೋದರಮಾವ ಮುಗ್ಗರಿಸಿದರು.

"ತಲೆಗಿಲೆ ಕೆಟ್ಟಿದ್ಯೇನೇ? ಸ್ಮಶಾನದಲ್ಲಿ ಜನ ಕಾಯ್ತಿದಾರೆ!"

"ಮಾವ, ಬಸ್ ಹತ್ತಿದ್ಳಲ್ಲ ಆ ಹುಡುಗಿ, ಅವಳ ಚಪ್ಪಲಿ ನೋಡಿದ್ರಾ? ಹೊಸಾದು, ಕಾಲಿಗಿಂತ ಎಷ್ಟೋ ದೊಡ್ಡದು. ಒಂದು ಕಳಚಿ ಬಿತ್ತು, ಜೊತೇಲಿರೋನು ಎತ್ಕೊಳ್ಳೋಕೂ ಬಿಡಲಿಲ್ಲ."

ಆ ಚಪ್ಪಲಿ ರಸ್ತೆ ಪಕ್ಕದ ಬಸ್ ನಿಲ್ದಾಣದ ನೆಲದ ಮೇಲೆ ಒಂಟಿಯಾಗಿ ಬಿದ್ದಿತ್ತು. ಗಡಿಯಾಚೆ ಹೋಗುವ ಬಸ್ಸು ಆಗಲೇ ಗೇಟಿನತ್ತ ಹೊರಳುತ್ತಿತ್ತು.

* * *

ಅಮ್ಮ ಕಾನ್‌ಸ್ಟೇಬಲ್. ಮನುಷ್ಯರ ಕಳ್ಳಸಾಗಣೆ ತಡೆಯಲೆಂದು ಸರ್ಕಾರ ಇದೇ ನಿಲ್ದಾಣದಲ್ಲಿ ಸಹಾಯ ಕೇಂದ್ರ ತೆರೆದಾಗ ಅವಳನ್ನು ಅಲ್ಲಿ ಕೂರಿಸಿತ್ತು. ಒಂದು ಮೇಜು, ಗೊರಗುಟ್ಟುವ ಫ್ಯಾನು, ಗೋಡೆಯ ಮೇಲೆ 'ಹೆದರದೆ ಹೇಳಿ' ಎಂಬ ದೊಡ್ಡ ಬೋರ್ಡು. ಬೋರ್ಡು ನೋಡಿ ಬಾಯಿ ಬಿಟ್ಟ ಹುಡುಗಿ ಒಬ್ಬಳೂ ಇರಲಿಲ್ಲ. ಖಾಕಿ ಎದುರು ಕೂತರೆ ಅವರ ನಾಲಿಗೆ ಬಿದ್ದೇ ಹೋಗುತ್ತಿತ್ತು. ಅದಕ್ಕೇ ಅಮ್ಮ ಬೆನ್ನ ಹಿಂದೆ ಕೂತು ಅವರ ಜಡೆ ಬಿಚ್ಚಿ ತಲೆ ಬಾಚುತ್ತಿದ್ದಳು. ಗಂಟು ಬಿಡಿಸುತ್ತ ಬಿಡಿಸುತ್ತ ಮಾತೂ ಹೊರಗೆ ಬರುತ್ತಿತ್ತು. ಕದ್ದು ಸಾಗಿಸುವವನು ಕಾಲಿನ ಅಳತೆ ಗೊತ್ತಿಲ್ಲದೆ ಹೊಸ ಚಪ್ಪಲಿ ಕೊಡಿಸಿರುತ್ತಾನೆ ಎಂದು ಅಮ್ಮ ಕಲಿತು ಮಗಳಿಗೆ ಹೇಳಿದ್ದೂ ಹಾಗೆಯೇ.

"ಊರವರ ತಲೆಯೆಲ್ಲ ಬಾಚ್ತೀಯ, ನನ್ನ ಕೂದಲು ಮಾತ್ರ ಕತ್ತರಿಸಿ ಹಾಕ್ತೀಯ," ಎಂದು ಮಗಳು ಸಣ್ಣವಳಿದ್ದಾಗ ಮುನಿಸಿಕೊಂಡಿದ್ದಳು. ಆ ಮುನಿಸು ಪೂರ್ತಿ ಇಳಿದೇ ಇರಲಿಲ್ಲ. ಇವತ್ತು ಬೆಳಿಗ್ಗೆ ಅಮ್ಮನ ತಲೆ ಬಾಚಿದವಳು ಅವಳೇ. ಬಾಚಣಿಗೆ ಇನ್ನೂ ಸೊಂಟದಲ್ಲಿತ್ತು.

* * *

"ಅವಳ ಅಪ್ಪನೇ ಆಗಿದ್ರೆ?" ಮಾವ ಗದರಿದರು. "ಮಾನ ಹೋಗುತ್ತೆ!"

ಡ್ರೈವರ್ ಸ್ಟೇರಿಂಗ್ ತಿರುಗಿಸುತ್ತಲೇ ನಕ್ಕ. "ಹೋಗಲ್ಲ ಸಾರ್. ಬೆಳೆಯೋ ಕಾಲು ಅಂತ ನಾನೂ ನನ್ನ ಮಗಳಿಗೆ ದೊಡ್ಡ ಚಪ್ಪಲಿ ಕೊಡಿಸಿದ್ದೆ. ಹಿಂದೆ ಮಲಗಿರೋ ಈ ಅಮ್ಮ ನನ್ನನ್ನೇ ಬಸ್ಸಿಂದ ಎಳೆದು ಇಳ್ಸಿದ್ರು. ಬಾಯಿಗೆ ಬಂದಂಗೆ ಬೈದಿದ್ದೆ. ಆಮೇಲೆ ಮನೇಲಿ ಮಗಳು ಮಲಗಿದ್ದನ್ನ ನೋಡಿ, ಇವಳನ್ನೂ ಕಾಯೋರು ಒಬ್ರಿದಾರಲ್ಲ ಅಂತ ಅಳು ಬಂತು. ಗಟ್ಟಿಯಾಗಿ ಹಿಡ್ಕೊಳ್ಳಿ!"

ಶವದ ಗಾಡಿ ಗೇಟಿಗೆ ಅಡ್ಡಲಾಗಿ ನಿಂತಿತು. ಶವದ ಗಾಡಿಗೆ ಹಾರ್ನ್ ಹೊಡೆಯುವ ಧೈರ್ಯ ಯಾರಿಗಿದೆ? ಬಸ್ಸು ತೆಪ್ಪಗೆ ನಿಂತಿತು. ಮಗಳು ಚಪ್ಪಲಿ ಎತ್ತಿಕೊಂಡು ಓಡಿ ಬಸ್ಸು ಹತ್ತಿದಳು.

"ನನ್ನ ತಂಗಿ ಮಗಳು ರೀ! ನೀವ್ಯಾರು ಕೇಳೋಕೆ?" ಹುಡುಗಿಯ ಜೊತೆಗಿದ್ದವನು ಅರಚಾಡಿದ. ಹುಡುಗಿ ಬರಿಗಾಲನ್ನು ಸೀಟಿನಡಿಗೆ ಎಳೆದುಕೊಂಡಳು.

ಮಗಳು ಹುಡುಗಿಯ ಕೈ ಹಿಡಿದು ಇಳಿಸಿ, ಗಾಡಿಯ ಹಿಂದಿನ ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಕೂರಿಸಿಕೊಂಡಳು. ಬಾಚಣಿಗೆ ತೆಗೆದಳು.

"ಗಂಟು ಬಿಡಿಸ್ತೀನಿ ಪುಟ್ಟಿ. ನೋವಾದ್ರೆ ಹೇಳು."

ಒಂದು ಗಂಟು ಬಿಟ್ಟಿತು. ಇನ್ನೊಂದು.

"ಅಕ್ಕಾ... ಅವನು ಮಾವ ಅಲ್ಲ. ಕೆಲಸ ಕೊಡಿಸ್ತೀನಿ ಅಂದ. ಹಿಂದಿನ ಸೀಟಲ್ಲಿ ಇನ್ನೂ ಇಬ್ಬರು ಹುಡುಗೀರಿದಾರೆ."

ಅವನು ಕಾಲಿಗೆ ಬುದ್ಧಿ ಹೇಳಿದ. ಮಾನಕ್ಕೆ ಹೆದರಿದ್ದ ಮಾವನೇ ನುಗ್ಗಿ ಅವನ ಕಾಲರ್ ಹಿಡಿದರು. ಸಹಾಯ ಕೇಂದ್ರದ ಪೊಲೀಸರು ಓಡಿ ಬಂದರು. ಜನ ಶಿಳ್ಳೆ ಹೊಡೆದರು. ಸಾವಿನ ಗಾಡಿಯ ಮುಂದೆ ಶಿಳ್ಳೆ!

ಮಾವ ಏದುಸಿರು ಬಿಡುತ್ತ ಬಂದಾಗ ಆ ಇಬ್ಬರು ಹುಡುಗಿಯರೂ ಮೆಟ್ಟಿಲ ಬಳಿ ಬಂದು ನಿಂತಿದ್ದರು.

"ಹೊತ್ತಾಯ್ತು ಮಾವ," ಎಂದಳು ಮಗಳು.

"ಇವರಿಗೂ ಬಾಚೇ. ನನ್ನಕ್ಕ ಕಾಯ್ತಾಳೆ."

ಬಾಚಣಿಗೆಯ ಹಲ್ಲುಗಳಲ್ಲಿ ಬೆಳಿಗ್ಗೆಯ ಬಿಳಿ ಕೂದಲಿಗೆ ಕಪ್ಪು ಕೂದಲೊಂದು ಸುತ್ತಿಕೊಂಡಿತ್ತು.