ಅರ್ಧದ ಅರ್ಧ

ಚಾಕು ಒತ್ತಿದ ಕೂಡಲೇ ಕೇಕಿನ ಮೇಲಿನ ಪದರ ಸಣ್ಣಗೆ ಬಿರಿಯುತ್ತದೆ, ಕೆಳಗೆ ಸೇಬು ಮೆತ್ತಗೆ ದಾರಿ ಬಿಡುತ್ತದೆ, ಆಮೇಲೆ ಪಿಂಗಾಣಿಗೆ ತಾಗಿ ಟಿಕ್ — ಅರ್ಧ ನನ್ನ ಬಾಯಿಗೆ, ಉಳಿದರ್ಧ ತಟ್ಟೆಯ ನಡುವೆ, ನಿನ್ನ ಸರದಿ ಎನ್ನುತ್ತೇನೆ, ಯೋರಾನ್ ನಗುತ್ತಾನೆ, ಶುರು ಹಚ್ಕೊಂಡ್ಯಾ ಮರೀತಾ, ಮದುವೆಯಾದ ವರ್ಷ ನಕ್ಕ ಹಾಗೆಯೇ ನಗುತ್ತಾನೆ ನನ್ನ ಗಂಡ, ಮೂವತ್ತೆರಡು ವರ್ಷದಲ್ಲಿ ಹಲ್ಲು ಮಾತ್ರ ಹಳದಿಯಾಗಿದೆ, ಚಾಕು ತೆಗೆದುಕೊಂಡು ಉಳಿದದ್ದರಲ್ಲಿ ಅರ್ಧ ತಿಂದು ಮಿಕ್ಕದ್ದನ್ನು ನನ್ನ ಕಡೆ ತಳ್ಳುತ್ತಾನೆ, ಕಾಲು ಭಾಗ ಉಳಿಯಿತು, ಈಗ ಹೇಳುತ್ತಾನೆ ಎಂದುಕೊಳ್ಳುತ್ತೇನೆ, ಇಲ್ಲ, ಬಾಯಿ ಒರೆಸಿಕೊಳ್ಳುತ್ತಾನೆ ಅಷ್ಟೇ. ಈ ಚೂರು ಮುಗಿಯುವುದರೊಳಗೆ ಅವನಾಗಿಯೇ ಹೇಳಿದರೆ ಅವನ ಜೊತೆ ರೈಲು ಹತ್ತುತ್ತೇನೆ, ಸೇತುವೆ ದಾಟಿ ಮಾಲ್ಮೋಗೆ, ನಮ್ಮ ಮನೆಗೆ, ನಮ್ಮ ಹಾಸಿಗೆಗೆ, ಹೇಳದಿದ್ದರೆ — ಹೇಳದಿದ್ದರೆ ಏನು ಎಂದು ಒಂಬತ್ತು ದಿನದಿಂದ ಯೋಚಿಸುತ್ತಿದ್ದೇನೆ, ಯೋಚನೆ ಪ್ರತಿ ಸಲವೂ ಅವನ ಅಂಗಿಯ ಜೇಬಿನ ಹತ್ತಿರ ಬಂದು ನಿಂತುಬಿಡುತ್ತದೆ, ಬಿಳಿ ನಾರುಬಟ್ಟೆಯ ಅಂಗಿ, ಎಡಗಡೆಯ ಜೇಬು, ಬಟ್ಟೆಯೊಳಗಿನಿಂದ ನೀಲಿ ಬೆಳಕು. ಬೇಡ, ಈಗಲೇ ಬೇಡ, ಕೇಕನ್ನು ನೋಡು. ನಮ್ಮವರು ಕೊನೆಯ ಚೂರು ತಿನ್ನುವವರಲ್ಲ, ಸ್ವೀಡನ್ನಿನ ಯಾವ ಕಚೇರಿಯ ಅಡುಗೆಮನೆಗೆ ಹೋದರೂ ಶುಕ್ರವಾರ ಸಂಜೆ ತಟ್ಟೆಯಲ್ಲಿ ಉಗುರಿನಗಲದ ಕೇಕೊಂದು ಒಣಗುತ್ತಿರುತ್ತದೆ, ಹತ್ತು ಜನ ಹತ್ತು ಸಲ ಅರ್ಧ ಮಾಡಿ ಬಿಟ್ಟುಹೋದದ್ದು, ನಾಚಿಕೆಯ ಚೂರು ಅದು, ತಿಂದವರ ಕಡೆ ಯಾರೂ ನೋಡುವುದಿಲ್ಲ, ಆದರೆ ಎಲ್ಲರಿಗೂ ಗೊತ್ತಾಗುತ್ತದೆ. ಅಮ್ಮ ಮಾತ್ರ ತಿನ್ನುತ್ತಿದ್ದಳು, ಎಲ್ಲರೂ ಎದ್ದುಹೋದ ಮೇಲೆ, ಪಾತ್ರೆ ತೊಳೆಯುವ ಕಡೆ ಮುಖ ಮಾಡಿ, ನಿಂತುಕೊಂಡು, ಒಬ್ಬಳೇ.

ಅಯ್ಯೋ ಸ್ವೀಡನ್ನಿನವರೇ, ತಟ್ಟೆ ಎತ್ಲಾ, ಭೂತಗನ್ನಡಿ ತರ್ಲಾ — ಊಟ ಬಡಿಸುವ ಹೆಂಗಸು ಪಕ್ಕದಲ್ಲೇ ನಿಂತಿದ್ದಾಳೆ, ಸೊಂಟದ ಮೇಲೆ ಕೈ, ದಪ್ಪ ಕನ್ನಡಕ, ಜೂನ್ ತಿಂಗಳಲ್ಲೂ ಇದೇ ತಮಾಷೆ ಮಾಡಿದ್ದಳು, ಡೇನಿಷ್ ಜನಕ್ಕೆ ನಮ್ಮನ್ನು ಕಂಡರೆ ಬಾಯಿ ತುರಿಸುತ್ತದೆ, ಯೋರಾನ್ ಅವಳಿಗೂ ನಗುತ್ತಾನೆ, ಇರಲಿ ಬಿಡಿ, ನಮ್ಮನೆಯವಳು ಇನ್ನೂ ಲೆಕ್ಕ ಹಾಕ್ತಿದ್ದಾಳೆ, ಅವಳು ಕಾಫಿ ಸುರಿದು ಹೋಗುತ್ತಾಳೆ. ಜೂನ್‌ನಲ್ಲಿ ಕೂತದ್ದೂ ಇದೇ ಮೇಜು, ಈ ಡೇನಿಷ್ ಹೋಟೆಲಿನ ನೆಲಮಾಳಿಗೆಯ ಇದೇ ಮೂಲೆ, ಬೀದಿಯಿಂದ ನಾಲ್ಕು ಮೆಟ್ಟಿಲು ಕೆಳಗೆ, ಹಗಲಿನಲ್ಲೂ ದೀಪ, ಕಿಟಕಿಯಲ್ಲಿ ಹೋಗಿಬರುವವರ ಮೊಣಕಾಲು ಮಾತ್ರ. ನಿನಗೆ ಆ ಸೇಬಿನ ಕೇಕ್ ಇಷ್ಟವಾಗಿತ್ತಲ್ಲ, ಬಾ ಕಣೇ, ಎಷ್ಟು ದಿನ ಮನೇಲೇ ಕೂತಿರ್ತೀಯ, ಬೆಳಿಗ್ಗೆ ಅವನೇ ಹೊರಡಿಸಿದ್ದು, ನನ್ನ ಕೋಟು ಹಿಡಿದು ನಿಂತಿದ್ದ. ಕರುಣೆ ಅವನಿಗೆ ಯಾವಾಗಲೂ ಹೀಗೆ ಬರುತ್ತದೆ, ತೋಳು ಚಾಚಿದ ಕೋಟಿನ ಹಾಗೆ, ತೂರಿಕೊಳ್ಳದೆ ಇರುವುದು ಕಷ್ಟ. ವಿಸ್ಬಿಯಲ್ಲಿ, ಮದುವೆಯಾಗಿ ಐದನೇ ದಿನ, ಕೋಟೆಗೋಡೆಯ ಹತ್ತಿರ ಗಾಳಿ ಎಷ್ಟಿತ್ತೆಂದರೆ ನನ್ನ ಟೋಪಿ ಸಮುದ್ರಕ್ಕೆ ಹೋಯಿತು, ಅವನು ತನ್ನದನ್ನು ತೆಗೆದು ನನ್ನ ತಲೆಗೆ ಒತ್ತಿದ, ಆಮೇಲೆ ಒಂದು ಸಣ್ಣ ಹೋಟೆಲಿನಲ್ಲಿ ಅನ್ನಕ್ಕೆ ಹಾಲು ಕೇಸರಿ ಹಾಕಿ ಒಲೆಯಲ್ಲಿ ಬೇಯಿಸಿದ ಹಳದಿ ಸಿಹಿ, ಮೇಲೆ ಕಪ್ಪು ಹಣ್ಣಿನ ಜಾಮು, ಕೊನೆಯ ಚೂರು ಉಳಿದಾಗ ನೀನು ತಗೋ, ನೀನು ತಗೋ, ಅಲ್ಲಿಂದ ಶುರುವಾಯಿತು ಈ ಆಟ, ಕೇಸರಿ ಬಣ್ಣದ ಒಂದು ಅಗುಳು ಉಳಿಯುವ ತನಕ ಕತ್ತರಿಸಿದೆವು, ನಗು ತಡೆಯಲಾರದೆ ನಾನು ಮೇಜಿಗೆ ಹಣೆ ಇಟ್ಟಿದ್ದೆ. ನಾವು ಅಂದರೆ ಈ ಆಟ. ಆಮೇಲೊಂದು ಪ್ರವಾಸದಲ್ಲಿ, ಘೆಂಟ್‌ನಲ್ಲಿ ಬಿಯರಿನಲ್ಲಿ ಬೇಯಿಸಿದ ದನದ ಮಾಂಸ, ತಟ್ಟೆಯಲ್ಲಿ ಕೊನೆಯ ಆಲೂಗಡ್ಡೆ, ಕಾಲುವೆಯ ಮೇಲೆ ಬಾತುಕೋಳಿಗಳು, ಫೋನು ಬಂತು, ಅಮ್ಮ ಇದ್ದ ವೃದ್ಧರ ಮನೆಯಿಂದ, ಉಸಿರು ಸರಿಯಿಲ್ಲ, ಬಂದರೆ ಒಳ್ಳೆಯದು, ಕೋಟೆ ನೋಡಿರಲಿಲ್ಲ, ಗಂಟೆಗೋಪುರ ಹತ್ತಿರಲಿಲ್ಲ, ಯೋರಾನ್ ನಕ್ಷೆಯ ಮೇಲೆ ನೋಡದೆ ಉಳಿದದ್ದಕ್ಕೆಲ್ಲ ಪೆನ್ಸಿಲಿನಲ್ಲಿ ಸುತ್ತು ಹಾಕಿ ಮಡಚಿಟ್ಟ, ಮೂರು ರೈಲು ಬದಲಾಯಿಸಿ ಬಂದೆವು, ನೋಡಿದರೆ ಅಮ್ಮ ದಿಂಬಿಗೆ ಒರಗಿ ಗಂಜಿ ಕುಡಿಯುತ್ತಿದ್ದಾಳೆ, ನೀವ್ಯಾಕೆ ಬಂದ್ರಿ, ಊಟ ಮುಗಿಸ್ಕೊಂಡು ಬರಬಾರದಿತ್ತಾ. ಬೆರ್ಗನ್‌ನಲ್ಲಿ ಮೀನಿನ ಸಾರು ಆರುವ ಮೊದಲೇ ಫೋನು, ಬೆಟ್ಟಕ್ಕೆ ಹೋಗುವ ರೈಲಿನ ಟಿಕೆಟ್ಟು ಅವನ ಕೈಯಲ್ಲಿತ್ತು, ಟ್ಯಾಲಿನ್‌ನಲ್ಲಿ ಹಡಗಿನಿಂದ ಇಳಿದ ಎರಡೇ ಗಂಟೆಯಲ್ಲಿ, ಮೂರು ಸಲ, ಮೂರು ಸಲವೂ ಅಮ್ಮ ಎದ್ದು ಕೂತಿದ್ದಳು, ಮೂರು ನಕ್ಷೆಗಳ ಮೇಲೆ ಸುತ್ತುಗಳು, ಹೋಗಲಿ ಬಿಡೇ, ಊರು ಓಡಿಹೋಗುತ್ತಾ ಅನ್ನುತ್ತಿದ್ದ, ನಾನು ಅದನ್ನು ಒಳ್ಳೆಯತನ ಎಂದುಕೊಂಡೆ, ಒಳ್ಳೆಯತನವೇ ಇರಬೇಕು, ಪೆನ್ಸಿಲನ್ನು ಮಾತ್ರ ಯಾಕೆ ಅಷ್ಟು ಒತ್ತಿ ಬರೆಯುತ್ತಿದ್ದ, ಕಾಗದ ಹಿಂದಿನಿಂದ ಉಬ್ಬುವ ಹಾಗೆ.

ಕಾಲು ಭಾಗದಲ್ಲಿ ಅರ್ಧ ನಾನು ತಿಂದೆ, ದಾಲ್ಚಿನ್ನಿಯ ರುಚಿ, ಮತ್ತೆ ಅವನ ಸರದಿ, ನಿಧಾನ ಮಾಡು ಯೋರಾನ್, ಅವಸರವೇನಿದೆ. ಜೂನ್‌ನಲ್ಲಿ ನಿಧಾನ ಮಾಡಿದವನು ನೀನು, ಇವತ್ತು ನಾನು. ಆ ಸಂಜೆ ನನ್ನದು ಹಸಿರು ಬಟ್ಟೆ, ಅದಕ್ಕೆ ಜೇಬಿಲ್ಲ, ನನ್ನ ಫೋನು ನಿನ್ನ ಜೇಬಿನಲ್ಲಿ, ಎಲ್ಲ ಪ್ರವಾಸಗಳಲ್ಲೂ ಹಾಗೆಯೇ, ಕೊಡು ಇಲ್ಲಿ, ನೀನು ಊರು ನೋಡು, ನಾನು ಫೋನು ನೋಡ್ಕೋತೀನಿ, ಕಾಲುವೆಯಲ್ಲಿ ದೋಣಿ ಹತ್ತಿದೆವು, ಬಣ್ಣದ ಮನೆಗಳ ಮುಂದೆ ಒಬ್ಬ ಅಪರಿಚಿತನಿಂದ ಫೋಟೋ ತೆಗೆಸಿಕೊಂಡೆವು, ಆಮೇಲೆ ಇಲ್ಲಿ ಹುರಿದ ಮೀನು, ಸಬ್ಬಸಿಗೆ ಸೊಪ್ಪಿನ ಬೆಣ್ಣೆ, ಈ ಕೇಕು, ನೀನು ಕೈ ತೊಳೆದು ಬರುತ್ತೇನೆಂದು ಎದ್ದುಹೋದೆ, ಐದು ನಿಮಿಷ, ಬಂದು ಕೂತೆ, ಮುಖ ಒದ್ದೆ, ಚಾಕು ಎತ್ತಿಕೊಂಡೆ, ಬಾ ಆಡೋಣ ಅಂದೆ — ಯಾವತ್ತೂ ಶುರು ಮಾಡುವವಳು ನಾನು, ಆವತ್ತು ನೀನು — ಅರ್ಧ, ಅರ್ಧದ ಅರ್ಧ, ನಡುವೆ ನಿನ್ನ ಎಡಜೇಬು ಬೆಳಗಿತು, ನೆಲಮಾಳಿಗೆಯ ಮಬ್ಬಿನಲ್ಲಿ ಬಿಳಿ ಬಟ್ಟೆಯೊಳಗಿನಿಂದ ನೀಲಿ, ಸದ್ದಿಲ್ಲ, ಸದ್ದು ನೀನು ತೆಗೆದುಬಿಟ್ಟಿದ್ದೆ, ನಾನು ನೋಡಿದೆ, ನಾನೇ ನೋಡಿದೆ, ಏಯ್ ಯೋರಾನ್, ನಿನ್ನ ಎದೆ ಉರೀತಿದೆ ಕಣೋ ಅಂದೆ, ನೀನು ಜೇಬಿನ ಮೇಲೆ ಅಂಗೈ ಮುಚ್ಚಿಕೊಂಡು ನಿನ್ನನ್ನ ನೋಡಿದ್ರೆ ಈಗಲೂ ಹಾಗೇ ಅಂದೆ, ನಕ್ಕೆವು, ಭೂತಗನ್ನಡಿ ತರ್ಲಾ ಅಂದಳು ಅವಳು, ಇನ್ನೂ ನಕ್ಕೆವು, ಬೆರಳುಗಳ ನಡುವೆ ಇನ್ನೂ ಬೆಳಕಿತ್ತು. ಆಮೇಲೆ ಕಾಲುವೆಯ ದಂಡೆಯಲ್ಲಿ ಅಡ್ಡಾಡಿದೆವು, ಜೂನ್ ಬೆಳಕು, ಮುಗಿಯುವುದೇ ಇಲ್ಲ ಅನ್ನುವಂಥ ಸಂಜೆ, ಎಂಟೂ ನಲವತ್ತಕ್ಕೆ ಫೋನು ತೆಗೆದು ನನ್ನ ಕೈಗೆ ಕೊಟ್ಟೆ, ಅಲ್ಲಿಂದ ಕಣೇ, ನಿನ್ನಮ್ಮನ ಹತ್ತಿರದಿಂದ, ಆ ಕಡೆ ನರ್ಸ್ ಶಿರೀನ್, ಅವರು ಹೋಗಿ ಹತ್ತು ನಿಮಿಷವಾಯ್ತು ಮರೀತಾ, ಸಂಕಟ ಪಡಲಿಲ್ಲ. ರೈಲಿನಲ್ಲಿ ನನ್ನ ತಲೆ ನಿನ್ನ ಭುಜದ ಮೇಲಿತ್ತು, ಸೇತುವೆಯ ಕೆಳಗೆ ನೀರು ಬೆಳ್ಳಗಿತ್ತು, ಇಲ್ಲಿಂದ ಮಾಲ್ಮೋಗೆ ಬರೀ ನಲವತ್ತು ನಿಮಿಷ, ಆ ನಲವತ್ತು ನಿಮಿಷವನ್ನು ನಾನು ಒಂಬತ್ತು ದಿನದಿಂದ ಎಣಿಸುತ್ತಿದ್ದೇನೆ, ಯಾಕೆಂದರೆ ಒಂಬತ್ತು ದಿನದ ಹಿಂದೆ ಅಮ್ಮನ ಬಟ್ಟೆಯ ಪೆಟ್ಟಿಗೆ ತರಲು ಹೋದಾಗ ಶಿರೀನ್ ಅದನ್ನು ನನ್ನ ತೋಳಿಗೆ ಕೊಡುತ್ತಾ ಕೇಳಿದಳು, ಬೈಬೇಡಿ, ಕೇಳಬಾರದು, ಆವತ್ತು ನಿಮ್ಮ ರೈಲು ಎಲ್ಲಾದರೂ ನಿಂತುಹೋಯ್ತಾ, ಏಳೂ ಹತ್ತಕ್ಕೇ ನಾನು ಫೋನು ಮಾಡಿದ್ದೆನಲ್ಲ, ನಿಮ್ಮ ಯಜಮಾನರು ಎತ್ತಿದರು, ಹೊರಟೆವು, ಎಂಟಕ್ಕೆ ಅಲ್ಲಿರ್ತೀವಿ ಅಂದರು, ನಾನು ಎಲ್ನಾ ಅವರ ಕಿವಿಯಲ್ಲಿ ಹೇಳಿದೆ, ಎಲ್ನಾ, ನಿಮ್ಮ ಮಗಳು ಬರ್ತಿದ್ದಾಳೆ, ಮಂಚದ ಹತ್ತಿರ ಕುರ್ಚಿ ಎಳೆದಿಟ್ಟೆ, ಅವರು ಆಮೇಲೆ ಬಾಗಿಲ ಕಡೆಯಿಂದ ಕಣ್ಣು ತೆಗೆಯಲೇ ಇಲ್ಲ, ಮತ್ತೆರಡು ಸಲ ಮಾಡಿದೆ, ಯಾರೂ ಎತ್ತಲಿಲ್ಲ. ಪೆಟ್ಟಿಗೆ ಭಾರವಿರಲಿಲ್ಲ. ಹೌದು ಶಿರೀನ್, ಎಂದೆ, ರೈಲು ನಿಂತುಹೋಗಿತ್ತು. ಅಷ್ಟು ಸಲೀಸಾಗಿ, ನನ್ನದೇ ಸುಳ್ಳು ಎಂಬಂತೆ.

ಅವನು ಕತ್ತರಿಸುತ್ತಾನೆ, ಟಿಕ್, ಈಗ ಬೆರಳ ತುದಿಯಷ್ಟು. ಅವನ ಪರವಾಗಿ ವಾದ ಮಾಡುವವಳೂ ನಾನೇ, ಈ ಒಂಬತ್ತು ದಿನದಲ್ಲಿ ಅವನಿಗಿಂತ ಚೆನ್ನಾಗಿ ಕಲಿತಿದ್ದೇನೆ — ಮೂರು ಸಲ ಓಡಿಹೋಗಿ ಮೂರು ಸಲವೂ ಗಂಜಿ ಕುಡಿಯುವವಳನ್ನು ನೋಡಿದವನು ನಾಲ್ಕನೇ ಸಲ ಏನೆಂದುಕೊಂಡಾನು, ಒಂದು ಊಟ, ಒಂದೇ ಒಂದು ಸಂಜೆ ಪೂರ್ತಿಯಾಗಿ ಸಿಗಲಿ ಎಂದುಕೊಂಡಿರಬೇಕು, ನನಗೋಸ್ಕರವೇ ಇರಬಹುದು, ಅಮ್ಮ ತಾನೇ ಹೇಳಿದ್ದಳಲ್ಲ ಊಟ ಮುಗಿಸ್ಕೊಂಡು ಬನ್ನಿ ಅಂತ — ಇದನ್ನು ನೀನು ಹೇಳು ಯೋರಾನ್, ಹೀಗೇ ಹೇಳು, ಹೆದರಿದೆ ಕಣೇ ಅನ್ನು, ಬೇಜಾರಾಗಿತ್ತು ಅನ್ನು, ಸಾಕಾಗಿತ್ತು ನಿಮ್ಮಮ್ಮನ ಸಾವು ಕಾಯ್ದು ಕಾಯ್ದು ಅನ್ನು, ನಾನು ಕಿರುಚುತ್ತೇನೆ, ತಟ್ಟೆ ಒಡೆಯುತ್ತೇನೆ, ಆ ಡೇನಿಷ್ ಹೆಂಗಸು ಪೊರಕೆ ತರುತ್ತಾಳೆ, ಆಮೇಲೆ ರೈಲು ಹತ್ತುತ್ತೇನೆ. ಬೆರಳ ತುದಿಯಷ್ಟನ್ನು ನಾನು ಎರಡು ಮಾಡುತ್ತೇನೆ, ಅವತ್ತು ನಾವು ಇಲ್ಲಿಂದ ಎಷ್ಟು ಹೊತ್ತಿಗೆ ಎದ್ದೆವು, ಕೇಳುತ್ತೇನೆ, ಕೇಕನ್ನೇ ನೋಡುತ್ತಾ. ಯಾವತ್ತು. ಜೂನ್‌ನಲ್ಲಿ. ಅವನು ಕಾಫಿ ಬಟ್ಟಲನ್ನು ಅರ್ಧ ಸುತ್ತು ತಿರುಗಿಸುತ್ತಾನೆ, ಮೊಣಕಾಲುಗಳು ಕಿಟಕಿಯಲ್ಲಿ ಹೋಗುತ್ತವೆ, ಒಂದು ನಾಯಿ, ಒಂದು ಸೈಕಲ್ಲು, ಏಳೂವರೆ ಏನೋ, ಯಾಕೆ ಈಗ ಅದೆಲ್ಲಾ. ಮೊದಲನೇ ಫೋನು ಯಾವಾಗ ಬಂತು ಅಂತ ಯೋಚಿಸ್ತಿದ್ದೆ. ನೋಡು, ಬಾಗಿಲು ತೆಗೆದಿಟ್ಟಿದ್ದೇನೆ, ಇದಕ್ಕಿಂತ ಅಗಲವಾಗಿ ತೆಗೆಯಲು ನನಗೆ ಬರುವುದಿಲ್ಲ, ಬಾ ಒಳಗೆ. ಅವನು ನನ್ನ ಕೈಮೇಲೆ ಕೈ ಇಡುತ್ತಾನೆ, ಬೆಚ್ಚಗಿದೆ, ಯಾವಾಗಲೂ ಬೆಚ್ಚಗಿರುತ್ತದೆ, ಮರೀತಾ, ಬಂದಿದ್ದೇ ಒಂದು ಫೋನು, ಬಂದ ತಕ್ಷಣ ನಿನ್ನ ಕೈಗೆ ಕೊಟ್ಟೆನಲ್ಲ, ನಮ್ಮ ಕೈಲಾದದ್ದು ಮಾಡಿದ್ವಿ ಕಣೇ, ನಿನ್ನನ್ನ ನೀನೇ ತಿಂದ್ಕೋಬೇಡ.

ಕಣ್ಣು ತಪ್ಪಿಸಲಿಲ್ಲ. ಅದೇ — ತಪ್ಪಿಸಿದ್ದರೆ ಸಾಕಿತ್ತು, ರೆಪ್ಪೆ ಒಂದು ಸಲ ಬಡಿದಿದ್ದರೆ, ನನ್ನ ಕಡೆಯೇ ನೋಡಿಕೊಂಡು ಹೇಳಿದ, ಅಮ್ಮ ಬಾಗಿಲ ಕಡೆ ನೋಡುತ್ತಿದ್ದಳಂತೆ, ಎಂಟರಿಂದ ಎಂಟೂವರೆಯವರೆಗೆ, ಕುರ್ಚಿ ಎಳೆದಿಟ್ಟಿತ್ತಂತೆ, ಪಕ್ಕದ ಮೇಜಿನವರು ಬಿಲ್ಲು ಕೇಳುತ್ತಿದ್ದಾರೆ, ದಾಲ್ಚಿನ್ನಿ ನಾಲಿಗೆಯ ಮೇಲೆ ಮಣ್ಣಾಗುತ್ತಿದೆ, ವಿಸ್ಬಿಯಲ್ಲಿ ಗಾಳಿ ಅವನ ಟೋಪಿಯನ್ನೂ ಒಯ್ದಿದ್ದರೆ, ಯೋರಾನ್ ಕೋಟಿನಿಂದ ಏನೋ ತೆಗೆಯುತ್ತಾನೆ, ಮಡಚಿದ ನಕ್ಷೆ, ಘೆಂಟ್‌ನದು, ಅಂಚು ಸವೆದಿದೆ, ಮೇಜಿನ ಮೇಲೆ ಅಂಗೈಯಿಂದ ಸರಿಮಾಡುತ್ತಾನೆ, ಪೆನ್ಸಿಲಿನ ಸುತ್ತುಗಳು ಹಾಗೆಯೇ ಇವೆ, ಕೋಟೆ, ಗಂಟೆಗೋಪುರ, ಕಾಲುವೆಯ ತಿರುವು, ಅಕ್ಟೋಬರಿಗೆ ಟಿಕೆಟ್ ಮಾಡಿಸಿದ್ದೀನಿ, ಹೇಳಬಾರದು ಅಂತಿದ್ದೆ, ಉಳಿದದ್ದನ್ನೆಲ್ಲ ನೋಡೋಣ, ಪೂರ್ತಿ ನೋಡೋಣ, ಇನ್ನು ಯಾರೂ ನಮ್ಮನ್ನ ವಾಪಸ್ ಕರೆಯಲ್ಲ ಕಣೇ. ಅವನ ದನಿಯಲ್ಲಿ ಎಷ್ಟು ಹಗುರ, ಹುಡುಗನ ಹಗುರ. ಮತ್ತೆ ಚಾಕು ಎತ್ತುತ್ತಾನೆ, ತಟ್ಟೆಯಲ್ಲಿ ಕತ್ತರಿಸುವಷ್ಟು ಉಳಿದಿಲ್ಲ, ಚಾಕು ಇಟ್ಟುಬಿಡುತ್ತಾನೆ, ಫೋರ್ಕಿನ ತುದಿಗೆ ಆ ಚೂರನ್ನು ಒತ್ತಿಕೊಂಡು ಮೇಜಿನ ಮೇಲಿಂದ ನನ್ನ ಬಾಯಿಯ ಹತ್ತಿರ ತರುತ್ತಾನೆ, ಒಂದು ತುಣುಕು ಸೇಬು, ಮೇಲೆ ಸಕ್ಕರೆಯ ಒಂದು ಹರಳು, ಹೋಗ್ಲಿ, ಇವತ್ತು ನಾನು ಸೋತೆ, ಕೊನೇದು ನಿನಗೇ, ಬಾಯಿ ತೆಗಿ. ಅದರ ಹಿಂದೆ ಅವನ ತೋಳು, ತೋಳಿನ ಹಿಂದೆ ಅಂಗಿ, ಅದೇ ಅಂಗಿ, ಒಗೆದು ಇಸ್ತ್ರಿ ಮಾಡಿದವಳು ನಾನು, ಎಡಗಡೆಯ ಜೇಬು ಖಾಲಿ, ಕತ್ತಲೆ, ಆ ಖಾಲಿ ಜೇಬೇ ನನ್ನ ಕಣ್ಣಿಗೆ ಬೆಳಗುತ್ತಿದೆ, ಬಿಳಿ ಬಟ್ಟೆ, ಒಳಗೆ ನೀಲಿ, ಬೆರಳುಗಳ ನಡುವೆ ನೀಲಿ, ತಗೋ ಮರೀತಾ, ಕೈ ನೋಯ್ತಿದೆ, ನೀಲಿ —

ಬೇಡ, ಎಂದೆ.