ಅಕ್ಕನ ಬಣ್ಣ

ಬೂದಿ, ಕೆನ್ನೆಗೆ ಬೂದಿ ಬಳಿದ ಹಾಗಿದೆ, ಇದು ಅಕ್ಕನ ಕೆನ್ನೆಯಲ್ಲ, ನಿನ್ನೆ ಚಿತ್ರ ಮುಚ್ಚಿಟ್ಟಾಗ ಹೀಗಿರಲಿಲ್ಲ — ಇವಳು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡಳು, ಕನ್ನಡಕದ್ದೇನೂ ತಪ್ಪಿಲ್ಲ, ಎದ್ದು ಕಿಟಕಿಯ ಪರದೆ ಎಳೆದು ಮುಚ್ಚಿದಳು, ಬೆಳಕಿನದೂ ತಪ್ಪಿಲ್ಲ, ಸ್ಕ್ರೀನಿನೊಳಗೆ ಅಕ್ಕ ಆಸ್ಪತ್ರೆಯ ಕೊನೆಯ ದಿನದ ಮುಖ ಹೊತ್ತು ಕೂತಿದ್ದಾಳೆ, ಹೊಸ ಆವೃತ್ತಿ ಬಂದಿದೆ ಹಾಕಿಕೊಳ್ಳಲೇ ಎಂದು ಚಿತ್ರ ಬರೆಯುವ ಸಾಫ್ಟ್‌ವೇರು ಬೆಳಿಗ್ಗೆ ಕೇಳಿತ್ತು, ಇವಳು ಕಾಫಿ ಲೋಟ ಹಿಡಿದುಕೊಂಡೇ ಹೂಂ ಎಂದು ಒತ್ತಿದ್ದಳು, ಇದ್ದದ್ದು ಚೆನ್ನಾಗಿಯೇ ಇತ್ತಲ್ಲ, ಇವಳ ಕೈ ಸುಮ್ಮನಿದ್ದರೆ ತಾನೆ, ಸಂಜೆಗೆ ಅಕ್ಕನ ಮಗಳು ಪುಟ್ಟಿ ಬರುತ್ತಾಳೆ, ಚಿಕ್ಕಮ್ಮ ಮುಗೀತಾ, ಆಫೀಸಿಂದ ಸೀದಾ ಬರ್ತೀನಿ ಎಂದಿದ್ದಾಳೆ, ಅಕ್ಕ ತೀರಿಕೊಂಡಾಗ ತೊಟ್ಟಿಲಲ್ಲಿದ್ದ ಕೂಸು ಈಗ ಆಫೀಸಿನಿಂದ ಬರುತ್ತದೆ, ಅಮ್ಮನೆಂದರೆ ಅದಕ್ಕೆ ಗೋಡೆಯ ಮೇಲಿನ ಒಂದು ಫೋಟೊ, ಆ ಸ್ಟುಡಿಯೊದವನೋ ಪುಣ್ಯಾತ್ಮ, ತಿದ್ದಿ ತೀಡಿ ಅಕ್ಕನನ್ನು ಸುಣ್ಣದ ಗೋಡೆ ಮಾಡಿಟ್ಟಿದ್ದ, ಬಂದ ನೆಂಟರೆಲ್ಲ ಅದನ್ನೇ ನೋಡಿ ನಿಮ್ಮಮ್ಮ ಹಾಲಿನ ಹಾಗಿದ್ಲು, ನೀನು ಯಾರನ್ನ ಹೋಲ್ತೀಯೋ ಎನ್ನುತ್ತಿದ್ದರು, ಶಾಲೆಗೆ ಹೋಗುವ ಮಗು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಚರ್ಮ ಉರಿಯುವವರೆಗೆ ಸೋಪು ತಿಕ್ಕಿಕೊಳ್ಳುತ್ತಿತ್ತು — ಇಲ್ಲ ಪುಟ್ಟಿ, ಅಮ್ಮ ಎಣ್ಣೆಗಪ್ಪು, ಥೇಟ್ ನಿನ್ನ ಹಾಗೇ, ನನ್ನ ಸಮಾಧಾನಕ್ಕೆ ಹೇಳ್ತೀರಿ ಬಿಡಿ ಚಿಕ್ಕಮ್ಮ, ಸಮಾಧಾನಕ್ಕಾ, ಬರೆದೇ ತೋರಿಸ್ತೀನಿ ತಾಳು, ಮಕ್ಕಳ ಪುಸ್ತಕಗಳಿಗೆ ಗಿಳಿ ಮೊಲ ಬರೆದು ಬದುಕುವವಳು ಕಣ್ಣು ಮುಚ್ಚಿ ಅಕ್ಕನನ್ನು ನೆನೆದು, ಬೆರೆಸಿ, ಅಳಿಸಿ, ಮತ್ತೆ ಬೆರೆಸಿ, ಕೊನೆಗೊಂದು ದಿನ ಆ ಬಣ್ಣ ಸಿಕ್ಕಿತ್ತು, ಸಿಕ್ಕಿದಾಗ ಅತ್ತುಬಿಟ್ಟಿದ್ದಳು, ಈಗ ನೋಡಿದರೆ ಬೂದಿ.

ಗಾಬರಿಯಲ್ಲಿ ಸ್ಕ್ರೀನಿನ ಮೇಲೆ ಬರೆಯುವ ಕುಂಚ ಎತ್ತಿಕೊಂಡಳು, ಒಂದಿಷ್ಟು ಕೆಂಪು, ಇನ್ನೊಂದಿಷ್ಟು, ಹಣೆ ಆಯಿತು, ಕೆನ್ನೆ, ಗಲ್ಲ, ಹಾಂ ಈಗ ಬಂದಳು ಅಕ್ಕ, ಸೇವ್ ಮಾಡಿ ಉಸಿರು ಬಿಟ್ಟಳು, ಆಮೇಲೆ ಯಾಕೋ ಅನುಮಾನ ಬಂದು ಹಳೆಯ ಗಿಳಿಯ ಚಿತ್ರ ತೆರೆದರೆ ಗಿಳಿಗೂ ಬೂದಿ, ಜೊತೆಗೆ ಓದಿದ ಗೆಳತಿಗೆ ಫೋನ್ ಹಚ್ಚಿದಳು — ಚಿತ್ರ ಕೆಟ್ಟಿಲ್ಲ ಕಣೆ, ತೋರಿಸೋದು ಕೆಟ್ಟಿದೆ, ಹಳೇ ಸೆಟ್ಟಿಂಗು ಹೊಸದಕ್ಕೆ ಅರ್ಥ ಆಗ್ತಿಲ್ಲ, ನಿನ್ನ ಸ್ಕ್ರೀನ್ ಯಾವುದು ಅನ್ನೋದನ್ನೇ ಮರೆತುಬಿಟ್ಟಿದೆ ಅದು, ಫೈಲಲ್ಲಿ ಬಣ್ಣ ಇದ್ದ ಹಾಗೇ ಇರುತ್ತೆ, ನೀನೇನೂ ಮುಟ್ಟಿಲ್ಲ ತಾನೆ? ಮುಟ್ಟಿದೀಯಾ? ಹೂಂ. ಸೇವ್ ಮಾಡಿದೀಯಾ? ಹೂಂ. ಬೇರೆ ಪ್ರತಿ? ಇಲ್ವೇ. ಅಯ್ಯೋ ನಿನ್ನ — ಗೆಳತಿ ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು, ಬಣ್ಣದ ಸೆಟ್ಟಿಂಗಿನ ಸಾಲುಗಳೆಲ್ಲ ಮಂಕಾಗಿ ಕೂತಿವೆ, ಒತ್ತಿದರೆ ಜಪ್ಪಯ್ಯ ಅನ್ನುವುದಿಲ್ಲ, ಗೆಳತಿ ಒಂದೊಂದಾಗಿ ಹೇಳಿಕೊಟ್ಟಳು, ಹಳೇ ಸೆಟ್ಟಿಂಗಿರುವ ಫೋಲ್ಡರಿನ ಹೆಸರು ಬದಲಿಸು, ಪೂರ್ತಿ ಮುಚ್ಚು, ಈಗ ತೆಗಿ, ಸಾಲುಗಳಿಗೆ ಜೀವ ಬಂತು, ಪಟ್ಟಿಯಲ್ಲಿ ತನ್ನ ಸ್ಕ್ರೀನನ್ನು ಹುಡುಕಿ ಆರಿಸಿದಳು, ಗಿಳಿ ತಟ್ಟನೆ ಹಸಿರಾಯಿತು, ದೇವರೇ ಎಂದುಕೊಂಡು ಅಕ್ಕನನ್ನು ತೆರೆದಳು, ಇದ್ದ ಬಣ್ಣದ ಮೇಲೆ ತಾನು ಸೇರಿಸಿದ ಕೆಂಪಿಗೆ ಮುಖವೆಲ್ಲ ಧಗಧಗ, ಒಲೆಯ ಮುಂದೆ ಕೂರಿಸಿದ ಹಾಗೆ, ಆ ಸ್ಟುಡಿಯೊದವನು ಸುಣ್ಣ ಬಳಿದ, ನಾನು ಬೆಂಕಿ ಹಚ್ಚಿದೆ, ಏನು ವ್ಯತ್ಯಾಸ, ಸಿಕ್ಕಿದ್ದ ಬಣ್ಣವನ್ನು ಕೈಯಾರೆ ಕಳೆದುಕೊಂಡೆನಲ್ಲ — ಆದರೆ ಕಿವಿ, ಕಿವಿಯನ್ನು ಮೊದಲೇ ಬೇರೆ ಪದರದಲ್ಲಿ ಬರೆದಿದ್ದಳು, ಗಾಬರಿಯ ಕುಂಚ ಅಲ್ಲಿಗೆ ಹೋಗಿಲ್ಲ, ಅದನ್ನು ಬರೆದದ್ದೇ ಆ ಒಂದು ದಿನದ ನೆನಪಿನಿಂದ, ಕಿಟಕಿಗೆ ಬೆನ್ನು ಹಾಕಿ ಅಕ್ಕ ಕೂಸಿಗೆ ಹಾಲೂಡಿಸುತ್ತಿದ್ದಾಳೆ, ಹಿಂದಿನಿಂದ ಬಿಸಿಲು ತೂರಿ ಕಿವಿ ಕೆಂಪಾಗಿದೆ, ಕೂಸು ಕೈ ಚಾಚಿ ಅದನ್ನೇ ಹಿಡಿದುಕೊಂಡಿದೆ, ಬಿಡೇ ನೋವಾಗುತ್ತೆ ಎಂದು ಅಕ್ಕ ನಗುತ್ತಾಳೆ.

ಕಾಲಿಂಗ್ ಬೆಲ್ ಆಯಿತು. ಪುಟ್ಟಿ ಚಪ್ಪಲಿ ಬಿಟ್ಟವಳೇ ಒಳಗೆ ಬಂದಳು, ಇವಳಿಗೆ ಚಿತ್ರ ಮುಚ್ಚಿಡಲೂ ಹೊತ್ತು ಸಿಗಲಿಲ್ಲ, ನೋಡಿದಳು, ನೋಡುತ್ತಲೇ ನಿಂತಳು, ಅಮ್ಮಂಗೆ ಜ್ವರ ಬಂದಿತ್ತಾ ಚಿಕ್ಕಮ್ಮ, ಇಲ್ಲ ಪುಟ್ಟಿ, ಅದು ಅಮ್ಮ ಅಲ್ಲ, ನನ್ನ ಕೈತಪ್ಪು, ನಿನ್ನೆ ಬಂದಿದ್ದರೆ ಸರಿಯಾಗಿತ್ತು, ಹೋಗಲಿ ಬಿಡಿ ಚಿಕ್ಕಮ್ಮ, ನೀವು ಬರೀಬೇಕು ಅಂದುಕೊಂಡ್ರಲ್ಲ ಅಷ್ಟು ಸಾಕು — ಹಾಗೆ ಅನ್ನುವಾಗ ದನಿ ಸಣ್ಣಗಾಯಿತು, ಇವಳಿಗೆ ಕೇಳಿಸಿತು, ನಂಬಿಲ್ಲ, ಇವತ್ತೂ ನಂಬಿಲ್ಲ, ಇದ್ಯಾಕೆ ಹಿಂಗೆ ಕತ್ತಲಲ್ಲಿ ಕೂತಿದೀರಿ ಎನ್ನುತ್ತಾ ಪುಟ್ಟಿ ಹೋಗಿ ಪರದೆ ಸರಿಸಿದಳು, ತಿರುಗಿ ನಿಂತು, ಬೇಜಾರಾದಾಗಲೆಲ್ಲ ಮಾಡುವ ಹಾಗೆ ತನ್ನ ಕಿವಿಯನ್ನು ತಾನೇ ಹಿಡಿದುಕೊಂಡಳು, ಸಂಜೆಯ ಬಿಸಿಲು ಹಿಂದಿನಿಂದ ತೂರಿತು — ಅಲ್ಲಾಡಬೇಡ, ಇವಳು ಅಂದಳು, ಕೈ ತೆಗಿ, ಹಾಗೇ ನಿಂತಿರು, ಯಾಕೆ ಚಿಕ್ಕಮ್ಮ, ಸ್ಕ್ರೀನ್ ನೋಡು, ಮುಖ ಬಿಡು, ಕಿವಿ ನೋಡು, ಕುಂಚ ತಾನಾಗಿ ಕೈಗೆ ಬಂದಿತ್ತು, ಸ್ಕ್ರೀನಿನಲ್ಲಿ ಅಮ್ಮನದೊಂದು, ಕಿಟಕಿಯಲ್ಲಿ ಮಗಳದೊಂದು, ನಡುವೆ ಬಿಸಿಲು ತೂರಿದ ಕೆಂಪು, ಅಂಚಿಗೆ ಎಣ್ಣೆಗಪ್ಪು, ಕಳೆದುಕೊಂಡ ಬಣ್ಣ ಎದುರಿಗೇ ನಿಂತಿದೆ, ಅದೇ, ಅದೇ ಕಿವಿ, ಆ ಕಿವಿ —