ಕಿಟಕಿಯಿಂದ ಹಾಕಿದ ಚೀಲ

ಕುರುಗೋಡಿನ ಮೇಲೆ ಹಾದು ಸಿರಿಗೇರಿಗೆ ಹೋಗುವ ಐದೂವರೆಯ ಬಸ್ಸು ಬಳ್ಳಾರಿ ನಿಲ್ದಾಣಕ್ಕೆ ಬಂದದ್ದು ಆರು ಹತ್ತಕ್ಕೆ. ಅದು ನಿಲ್ಲುವ ಮೊದಲೇ ಅನಿತಾ ಎಲ್ಲರಂತೆ ಓಡಿ, ತೆರೆದ ಕಿಟಕಿಯಿಂದ ಚೀಲ ತೂರಿಸಿ ಸೀಟು ಹಿಡಿದಳು. ಆದರೆ ಬಾಗಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರನ ಶಿಳ್ಳೆ ಕೇಳಿತು. ಬಸ್ಸಿನ ತಗಡು ಬಡಿಯುತ್ತ ನಿಲ್ದಾಣದ ಗೇಟಿನವರೆಗೂ ಓಡಿದಳು. ಚೀಲ ಊರ ಕಡೆ ಹೋಯಿತು, ಅವಳು ಉಳಿದಳು.

ಮೊಬೈಲು, ಪುಕ್ಕಟೆ ಪ್ರಯಾಣಕ್ಕೆ ತೋರಿಸುವ ಆಧಾರ್ ಕಾರ್ಡು, ಹಾಸ್ಟೆಲ್ ಅರ್ಜಿ ಎಲ್ಲವೂ ಚೀಲದಲ್ಲಿದ್ದವು. ಅರ್ಜಿಗೆ ಅವ್ವನ ಸಹಿ ಆಗಿರಲಿಲ್ಲ. ಕೊಡಲು ನಾಳೆಯೇ ಕೊನೆಯ ದಿನ.

ಎಂ.ಎಸ್ಸಿ. ಸೇರಿ ತಿಂಗಳಾಗಿತ್ತು. "ಬಸ್ಸು ಪುಕ್ಕಟೆ ಐತಿ, ಮನಿ ಊಟ ಐತಿ, ಮಗಳು ಕಣ್ಮುಂದ ಇರ್ತಾಳ. ಹಾಸ್ಟೆಲ್ ಯಾಕ?" ಎನ್ನುವುದು ಅವ್ವ ಎಲ್ಲಮ್ಮನ ವಾದ. ಸೋದರಮಾವ ಸುಂಕಣ್ಣನದು ಇನ್ನೂ ಚಿಕ್ಕದು: "ದಾರ್‍ಯಾಗ ಏನಾರ ಆತು ಅಂದ್ರ ಓದೂ ಬ್ಯಾಡ, ಏನೂ ಬ್ಯಾಡ." ಹಾಗಾಗಿಯೇ ಅನಿತಾ ಒಂದು ಮಾತು ಮನೆಯಲ್ಲಿ ಹೇಳಿರಲಿಲ್ಲ. ನಾಲ್ಕು ದಿನದಿಂದ ಊರ ಕ್ರಾಸಿನಲ್ಲಿ ಬಸ್ಸಿಳಿದು ಮನೆಗೆ ನಡೆಯುವಾಗ ಲೈಟು ಹಾಕದ ಬೈಕೊಂದು ಅವಳ ಹಿಂದೆ ಅವಳ ನಡಿಗೆಯ ವೇಗದಲ್ಲೇ ಬರುತ್ತಿತ್ತು. ಅವಳು ನಿಂತರೆ ಅದೂ ನಿಲ್ಲುತ್ತಿತ್ತು.

ನಿಲ್ದಾಣದ ಕಂಟ್ರೋಲರ್ ವಿರೂಪಾಕ್ಷಿ ಕನ್ನಡಕದ ಮೇಲಿಂದ ನೋಡಿದರು. "ಚೀಲ ಕಳಿಸಿ ನೀ ಇಲ್ಲೇ ನಿಂತಿಯಾ? ಭಾಳ ಶಾಣೇಕಿ ಬಿಡವ್ವ." ಆದರೂ ಕಂಡಕ್ಟರನಿಗೆ ಫೋನು ಮಾಡಿ, ಚೀಲವನ್ನು ಕುರುಗೋಡು ನಿಲ್ದಾಣದಲ್ಲಿ ಇಳಿಸಲು ಹೇಳಿದರು. ಕುರುಗೋಡಿನ ಬಸ್ಸಿಗೆ ಅವಳನ್ನು ಹತ್ತಿಸುವ ಮೊದಲು ಕೇಳಿದರು: "ಮನಿ ನಂಬರ್ ಹೇಳು, ತಿಳಿಸ್ತೀನಿ."

ನಂಬರು ಬಾಯಿಪಾಠವಿತ್ತು. "ನೆನಪಿಲ್ರಿ ಸರ್" ಎಂದಳು.

ದಾರಿಯುದ್ದಕ್ಕೂ ಕಿಟಕಿಯ ಹೊರಗೆ ಕತ್ತಲಾಗುವುದನ್ನೇ ನೋಡಿದಳು. ಚೀಲ ಸಿಕ್ಕೀತು. ಅಲ್ಲಿಂದ ಸಿರಿಗೇರಿಗೆ ಬಸ್ಸು ಸಿಕ್ಕೀತೆ? ಸಿಕ್ಕರೂ ಕ್ರಾಸಿನಲ್ಲಿ ಇಳಿಯಲೇಬೇಕು.

ಕುರುಗೋಡು ನಿಲ್ದಾಣದಲ್ಲಿ ಚೀಲವಿತ್ತು. ಅದನ್ನು ತೊಡೆಯ ಮೇಲೆ ಅವುಚಿಕೊಂಡು ಎಲ್ಲಮ್ಮ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಸುಂಕಣ್ಣ ನಿಂತಿದ್ದ.

"ನಿನ್ನ ಫೋನ್ ಗಂಡಸು ಎತ್ತಿದನಲೇ," ಎಂದಳು ಅವ್ವ. "ಕಂಡಕ್ಟರ್ ಅಂತ, ಚೀಲ ಇಲ್ಲಿ ಇಳಸ್ತೀನಿ ಅಂತ ಅವ ಹೇಳೋತನಕ ನನ್ನ ಜೀವ ಜೀವದಾಗ ಇರಲಿಲ್ಲ."

"ಸಾಕಿನ್ನ. ನಾಳಿಯಿಂದ ಮನ್ಯಾಗಿರು," ಎಂದ ಸುಂಕಣ್ಣ.

ಈಗ ಬಾಯಿಬಿಟ್ಟರೆ ಓದು ಇಲ್ಲಿಗೇ ಮುಗಿಯಬಹುದು. ಬಿಡದಿದ್ದರೆ ನಾಳೆ ಸಂಜೆ ಮತ್ತೆ ಅದೇ ಕ್ರಾಸು. ಅನಿತಾ ಅವ್ವನ ಮುಖ ನೋಡದೆ ಬೈಕಿನ ವಿಷಯವನ್ನೆಲ್ಲ ಹೇಳಿಬಿಟ್ಟಳು.

ಸುಂಕಣ್ಣ ಅಕ್ಕನ ಕಡೆ ತಿರುಗಿದ. "ಕೇಳಿದೇನಕ್ಕ? ನಾ ಏನಂದಿದ್ದೆ?"

"ನೀ ಹಂಗ ಅಂದಿದ್ದಕ್ಕ ನಾಕು ದಿನ ಬಾಯಿ ಮುಚ್ಚಿಕೊಂಡಾಳ," ಎಂದಳು ಎಲ್ಲಮ್ಮ. ಚೀಲವನ್ನು ಮಗಳ ಕಡೆ ಸರಿಸಿದಳು. "ನಾನೂ ಬಸ್ಸು ಪುಕ್ಕಟೆ ಅನ್ನೋದೊಂದೇ ನೋಡಿದೆ. ಇಳಿಯೋ ಜಾಗ ನೋಡ್ಲಿಲ್ಲ. ಆ ಹಾಸ್ಟೆಲ್ ಕಾಗದ ತಗಿ."

ಅರ್ಜಿಯನ್ನು ಚೀಲದ ಮೇಲಿಟ್ಟು, ಅವ್ವ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು. "ನಾಳಿ ಕೊಡಾಕ ನಾನೂ ಬರ್ತೀನಿ. ನೀ ಒಬ್ಬಾಕಿ ಬ್ಯಾಡ."

ಸುಂಕಣ್ಣ ಹೊರಗೆ ನಿಲ್ಲಿಸಿದ್ದ ತನ್ನ ಮೋಟಾರ್‌ಸೈಕಲ್ಲು ಚಾಲೂ ಮಾಡಿದ. ಇಬ್ಬರ ನಡುವೆ ಅನಿತಾ ಕೂತಳು. ಊರ ಕ್ರಾಸು ಬಂದಾಗ ಹೆಡ್‌ಲೈಟು ಬೇವಿನ ಮರದ ಬುಡಕ್ಕೆ ಬಿತ್ತು. ಅಲ್ಲಿ ಒಂದು ಬೈಕು, ಅದರ ಮೇಲೆ ಮುಖಕ್ಕೆ ಟವೆಲು ಸುತ್ತಿಕೊಂಡ ಒಬ್ಬ. ಅವ್ವನ ಕೈ ಅವಳ ಸೊಂಟವನ್ನು ಬಿಗಿಹಿಡಿಯಿತು.

"ಅದ ಬೈಕೇನಲೇ?"

"ಹೂಂ."

ಸುಂಕಣ್ಣನ ಬೆನ್ನು ಸೆಟೆದದ್ದು ಅವಳಿಗೆ ಗೊತ್ತಾಯಿತು. ಅವನು ಗಾಡಿ ನಿಲ್ಲಿಸಲಿಲ್ಲ. ಹಿಂದೆ, ಲೈಟು ಹಾಕದೆಯೇ ಆ ಬೈಕು ಚಾಲೂ ಆದ ಸದ್ದು ಮೂವರಿಗೂ ಕೇಳಿತು.